ಮೂರು ಸಲ ಅಳೆದ ಫೋನು

೨೦೨೬ನೆಯ ಇಸವಿ ಮಾರ್ಚ್ ಹನ್ನೆರಡು, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮೂರ್ಸಲಿಯ ಫೋನು ಪ್ರಾಣ ಬಿಟ್ಟಿತು. ಸಾಯುವ ಮುನ್ನ ಅದು ಎರಡು ಮಾತು ಹೇಳಿತ್ತು: ಬ್ಯಾಟರಿ ಇನ್ನೂ ನೂರಕ್ಕೆ ನಲವತ್ತು ಇದೆ, ಫೋಟೊ ಇಡಲು ಜಾಗ ಇಲ್ಲ. ಎರಡನೆಯದು ನಿಜ. ಮೊದಲನೆಯದು ಸುಳ್ಳು. ನಲವತ್ತು ತೋರಿಸುತ್ತಲೇ ಕಣ್ಣು ಮುಚ್ಚಿದ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಅವನು ಗರ ಬಡಿದವನಂತೆ ನಿಂತುಬಿಟ್ಟ. ಅಳತೆ ತೋರಿಸುವ ವಸ್ತುವೊಂದು ಹೀಗೆ ಮುಖ ನೋಡಿಕೊಂಡೇ ಸುಳ್ಳು ಹೇಳೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅವನು ಕಾಂಕ್ರೀಟ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞ. ಕಟ್ಟಡ ಕಟ್ಟುವವರು ಕಳಿಸಿದ ಕಾಂಕ್ರೀಟ್ ಗಟ್ಟಿಗಳನ್ನು ಯಂತ್ರದ ಬಾಯಿಗೆ ಕೊಟ್ಟು, ಅವು ಬಿರುಕು ಬಿಡುವವರೆಗೆ ಒತ್ತಿ, ಎಷ್ಟು ಭಾರಕ್ಕೆ ಒಡೆದವೆಂದು ಬರೆಯುವುದು ಅವನ ಕೆಲಸ. ಒಂದು ಗಟ್ಟಿಯ ಮಾತನ್ನು ನಂಬುವಂತಿಲ್ಲ; ಮೂರನ್ನು ಒಡೆದು ಸರಾಸರಿ ತೆಗೆಯಬೇಕು. ಇದು ಪ್ರಯೋಗಾಲಯದ ನಿಯಮ. ಅವನು ಅದನ್ನು ಮನೆಗೂ ತಂದಿದ್ದ. ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವನು, ಗ್ಯಾಸ್ ಆರಿಸಿದರೆ ಮೂರು ಸಲ ಬಗ್ಗಿ ನೋಡುವನು. ಹಾಗಾಗಿ ಆಫೀಸಿನಲ್ಲೂ ವಠಾರದಲ್ಲೂ ಅವನ ಹೆಸರು ಮೂರ್ಸಲಿ. ಮದುವೆಗೆ ಒಪ್ಪಿಗೆಯೇ ಎಂದು ತನ್ನನ್ನೂ ಮೂರು ಸಲ ಕೇಳಿದ್ದನೆಂದೂ, ಮೂರನೇ ಸಲ ತಾನು ಎಡವಿದೆನೆಂದೂ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಫೋನು ಸತ್ತದ್ದಕ್ಕಿಂತ ಅದು ಸಾಯಲು ಆರಿಸಿಕೊಂಡ ದಿನ ಅವನ ಎದೆ ಒಡೆಸಿತು. ಪ್ರಯೋಗಾಲಯದ ಮುಖ್ಯಸ್ಥರು ನಿವೃತ್ತರಾಗಿ ಅವರ ಖುರ್ಚಿ ಖಾಲಿಯಿತ್ತು. ಆ ಹುದ್ದೆಗೆ ಅಂದು ಸಂಜೆ ಆರಕ್ಕೆ ಪ್ರಧಾನ ಕಚೇರಿಯವರು ವಿಡಿಯೊ ಕರೆಯಲ್ಲಿ ಸಂದರ್ಶನ ಮಾಡುವವರಿದ್ದರು. ಆಫೀಸಿನ ಕಂಪ್ಯೂಟರ್ ಮುಟ್ಟಬಾರದು, ಮನೆಯಿಂದಲೇ ಮಾತಾಡಬೇಕು ಎಂದು ಅಪ್ಪಣೆಯಾಗಿತ್ತು. ಖುರ್ಚಿ ತಪ್ಪಿದರೆ ಅದು ಪಕ್ಕದ ಮೇಜಿನ ಕಿರಿಯನಿಗೆ ಹೋಗುತ್ತಿತ್ತು. ಆ ಕಿರಿಯ ಒಂದೇ ಗಟ್ಟಿ ಒಡೆದು, ಅಂಕಿಯ ಹಿಂದೆ ‘ಸುಮಾರು’ ಎಂದು ಬರೆಯುವವನು. ಅಂಥವನ ಕೈಕೆಳಗೆ ಕೂರುವುದನ್ನು ನೆನೆದರೇ ಮೂರ್ಸಲಿಗೆ ಬೆವರು ಕಿತ್ತುಕೊಳ್ಳುತ್ತಿತ್ತು.

“ನನ್ ಫೋನ್ ತಗೊಳ್ರಿ, ಮಾತಾಡಿ ವಾಪಸ್ ಕೊಡಿ,” ಎಂದಳು ಹೆಂಡತಿ.

“ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?”

“ಬರೋಷ್ಟು ಹೊತ್ತು ಬರುತ್ತೆ.”

ಈ ಉತ್ತರ ಕೇಳಿದ ಮೇಲೆ ಅವನು ರಜೆ ಹಾಕಿ ಹೊಸ ಫೋನು ಕೊಳ್ಳಲು ಹೊರಟ.

ಹೋಗಬೇಕಾದದ್ದು ದೂರವೇನಲ್ಲ, ಅದೇ ಕಟ್ಟಡದ ಕೆಳಗಿನ ಮೊಬೈಲ್ ಅಂಗಡಿ. ಆದರೆ ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಇಳಿದಿತ್ತು. ಎದುರು ಮನೆಯ ಲಾರಿ ಡ್ರೈವರ್, ಮೇಲಿನ ಮನೆಯ ಮದುವೆ ಫೋಟೊಗ್ರಾಫರ್, ಪಕ್ಕದ ಮನೆಯಲ್ಲಿ ಆನ್‌ಲೈನ್ ಪಾಠ ಮಾಡುವ ಟ್ಯೂಷನ್ ಟೀಚರ್ ಮೂವರೂ ಗಾಜಿನ ಕಟ್ಟೆಗೆ ಮೊಣಕೈ ಊರಿ ನಿಂತಿದ್ದರು.

“ಫೋನ್ ಅಂದ್ರೆ ಬ್ಯಾಟರಿ ಅಣ್ಣಾ,” ಎಂದ ಡ್ರೈವರ್. “ಮಿಕ್ಕಿದ್ದೆಲ್ಲ ಶೋಕಿ. ನಡುದಾರೀಲಿ ಗಾಡಿ ಕೆಟ್ಟು ನಿಂತಾಗ ಸ್ಪೀಡ್ ಇಟ್ಕೊಂಡು ಏನ್ ಮಾಡ್ತೀರ?”

ಫೋಟೊಗ್ರಾಫರ್ ಒಪ್ಪಲಿಲ್ಲ. ಫೋನಿನಲ್ಲಿ ಬೇಕಾದದ್ದು ಜಾಗ ಎಂದ. ಜಾಗ ಸಾಲದೆ ಒಂದು ಮದುವೆಯಲ್ಲಿ ಗಂಡಿನ ಚಿಕ್ಕಪ್ಪಂದಿರ ಫೋಟೊ ಉಳಿಸಲು ಹೋಗಿ ಹೆಣ್ಣನ್ನೇ ಅಳಿಸಿಬಿಟ್ಟನಂತೆ. ಆ ಮನೆಯವರ ಬೀದಿಯಲ್ಲಿ ಅವನು ಇಂದಿಗೂ ತಲೆ ಎತ್ತಿ ನಡೆಯುವುದಿಲ್ಲ.

ಟೀಚರ್ ಇಬ್ಬರನ್ನೂ ಕೈಸನ್ನೆಯಲ್ಲೇ ಬದಿಗಿಟ್ಟರು. “ಬ್ಯಾಟರಿ ಇರ್ಲಿ, ಜಾಗ ಇರ್ಲಿ, ನಿಮ್ಮ ಮುಖ ಹೋಗಿ ತಲುಪಬೇಕಲ್ಲ ಸಾರ್? ಹೋದ ವಾರ ನಾನು ಅರ್ಧ ಗಂಟೆ ಬೀಜಗಣಿತ ಹೇಳಿದೀನಿ. ಆ ಕಡೆ ಮಕ್ಕಳಿಗೆ ಕಂಡಿದ್ದು ಆಕಳಿಸಿ ತೆರೆದ ನನ್ನ ಬಾಯಿ, ಅರ್ಧ ಗಂಟೆ ಪೂರ್ತಿ.”

ಅಂಗಡಿಯವನು ಮೂವರ ಮಾತಿಗೂ ತಲೆಯಾಡಿಸಿ ಮೂರು ಫೋನು ಇಟ್ಟ. ಕಪ್ಪಗಿನದು ಬ್ಯಾಟರಿಗೆ, ನೀಲಿಯದು ಜಾಗಕ್ಕೆ, ಬೂದು ಬಣ್ಣದ್ದು ವೇಗಕ್ಕೆ. ಪೆಟ್ಟಿಗೆಯ ಮೇಲೆ ಎಲ್ಲ ಬರೆದಿದೆ, ಓದಿ ಒಂದನ್ನು ತೆಗೆದುಕೊಳ್ಳಿ ಎಂದ. ಬರೆದದ್ದನ್ನು ನಂಬುವುದಾದರೆ ಲೋಕದಲ್ಲಿ ಪ್ರಯೋಗಾಲಯಗಳೇಕೆ ಎಂದು ಕೇಳಿ, ಮೂರ್ಸಲಿ ಮೂರನ್ನೂ ಪರೀಕ್ಷೆಗೆಂದು ಮೇಲಕ್ಕೆ ಹೊತ್ತೊಯ್ದ. ಬೇಡ ಎನ್ನಲು ತೆರೆದ ಬಾಯನ್ನು ಅಂಗಡಿಯವನು ಮುಚ್ಚುವಷ್ಟರಲ್ಲಿ ಅವನು ಎರಡನೇ ಮಹಡಿಯಲ್ಲಿದ್ದ.

ಮೊದಲ ಆಘಾತ ಜಾಗದ್ದು. ಪೆಟ್ಟಿಗೆಯ ಮೇಲೆ ಬರೆದಷ್ಟು ಜಾಗ ಒಳಗಿರಲಿಲ್ಲ. ಇನ್ನೂ ಒಂದು ಫೋಟೊ ತೆಗೆದಿಲ್ಲ, ಆಗಲೇ ಆರನೇ ಒಂದು ಪಾಲು ತುಂಬಿತ್ತು. ನೆರೆಯವರು ಮೂವರೊಂದಿಗೆ ಹಿಂದೆಯೇ ಓಡಿ ಬಂದಿದ್ದ ಅಂಗಡಿಯವನನ್ನು ಕೇಳಿದರೆ, “ಅದು ಫೋನೇ ತನಗೆ ಅಂತ ಇಟ್ಕೊಳ್ಳುತ್ತೆ ಸಾರ್,” ಎಂದ. ಮನೆ ಬಾಡಿಗೆಗೆ ಕೊಟ್ಟ ಮಾಲೀಕ ಅಡುಗೆಮನೆಯಲ್ಲಿ ತಾನೇ ಹಾಸಿಗೆ ಬಿಚ್ಚಿ ಮಲಗಿದಂತಾಯಿತು.

ಎರಡನೆಯದು ಬ್ಯಾಟರಿಯದು. ಮೂರೂ ಫೋನುಗಳ ಪರದೆ ಝಗಝಗ ಬೆಳಗಿಸಿ, ಒಂದೇ ಮದುವೆಯ ವಿಡಿಯೊ ಓಡಿಸಿ ಕಿಟಕಿಯ ಬಳಿ ಸಾಲಾಗಿಟ್ಟ. ನೂರರಿಂದ ಐವತ್ತಕ್ಕೆ ಗಾಂಭೀರ್ಯದಿಂದ ಇಳಿದ ಬೂದು ಫೋನು, ಇಪ್ಪತ್ತು ಮುಟ್ಟಿದ್ದೇ ತಡ, ಬಾಗಿಲು ತೆರೆದ ಕೊಟ್ಟಿಗೆಯ ಕರುವಿನಂತೆ ಒಂದೇ ಓಟ ಕಿತ್ತಿತು. ಹಾಗಾದರೆ ಈ ನೂರು ಯಾವುದರ ನೂರು ಎಂದು ಅವನು ಕೇಳಿದ. ಡ್ರೈವರ್ ಕಪ್ಪು ಫೋನಿನ ಬೆನ್ನು ಸವರಿದ.

ಉಳಿದದ್ದು ವೇಗ. ರಸ್ತೆ ಅಗೆಯುವವರು ಕಟ್ಟಡದ ಇಂಟರ್ನೆಟ್ ತಂತಿಯನ್ನು ಹೋದ ವಾರವೇ ಕತ್ತರಿಸಿದ್ದರಿಂದ ಎಲ್ಲವೂ ಮೊಬೈಲ್ ನೆಟ್‌ವರ್ಕಿನ ದಯೆ. ಅವನು ತನ್ನ ಸಿಮ್ ಅನ್ನು ಒಂದೊಂದೇ ಫೋನಿಗೆ ಹಾಕಿ, ವೇಗ ಅಳೆಯುವ ಆ್ಯಪ್ ತೆರೆದು, ಹಜಾರದಲ್ಲಿ ಮೂರು ಸಲ, ಅಡುಗೆಮನೆಯಲ್ಲಿ ಮೂರು ಸಲ, ಮೆಟ್ಟಿಲ ತಿರುವಿನಲ್ಲಿ ಮೂರು ಸಲ ಅಳೆದ. ಅಂಕಿಗಳು ಕಪ್ಪೆಗಳ ಹಾಗೆ ಕುಪ್ಪಳಿಸಿದವು. ತಪ್ಪು ಫೋನಿನದೋ, ನಿಂತ ಜಾಗದ್ದೋ, ಹೊತ್ತಿನದೋ? ಇದನ್ನು ತಿಳಿಯಲು ವಿಜ್ಞಾನದಲ್ಲಿ ಒಂದೇ ದಾರಿ: ಹೋಲಿಸಿ ನೋಡಲು ಬೇರೆ ಫೋನುಗಳನ್ನು ಪಕ್ಕದಲ್ಲೇ ಇಟ್ಟು ಅದೇ ಕ್ಷಣದಲ್ಲಿ ಅಳೆಯಬೇಕು.

ಹೀಗೆಂದದ್ದೇ ತಡ, ಟೀಚರ್ ತಮ್ಮ ಫೋನು ಕೊಟ್ಟರು, ಡ್ರೈವರ್ ಕೊಟ್ಟ, ಫೋಟೊಗ್ರಾಫರ್ ಕೊಟ್ಟ. ಅಂಗಡಿಯವನದನ್ನು ಇವನೇ ಜೇಬಿನಿಂದ ತೆಗೆದ. ಹೆಂಡತಿಯದು ಒಲೆಯ ಪಕ್ಕ ಹಾಡು ಹೇಳುತ್ತಿತ್ತು, ಅದನ್ನೂ ತಂದ. ನಡುವೆ ಬರುವ ಸಂದೇಶಗಳು ಅಳತೆ ಕೆಡಿಸಬಾರದೆಂದು ಎಲ್ಲದರಲ್ಲೂ ಸೂಚನೆಗಳ ಬಾಯಿ ಮುಚ್ಚಿಸಿ, ಪರಿವಾರ ಸಮೇತ ತಾರಸಿ ಹತ್ತಿದ.

ತಾರಸಿಯಲ್ಲಿ ಸಂದರ್ಶನದ ನೆನಪು ಯಾರಿಗೂ ಉಳಿಯಲಿಲ್ಲ. ಟೀಚರ್ ಫೋನು ಡ್ರೈವರನದನ್ನು ಕೂದಲೆಳೆಯಲ್ಲಿ ಸೋಲಿಸಿತು. ಡ್ರೈವರ್ ಒಪ್ಪಲಿಲ್ಲ, ಗಾಳಿ ಅವರ ಕಡೆಗಿತ್ತು ಎಂದ. ಮತ್ತೆ ಅಳೆದರು. ಫೋಟೊಗ್ರಾಫರ್ ನೀರಿನ ಟ್ಯಾಂಕ್ ಏರಿ ಇಬ್ಬರನ್ನೂ ಮೀರಿಸಿದ. ಟ್ಯಾಂಕಿನ ಮೇಲಿನ ಅಂಕಿ ಸಲ್ಲದು ಎಂದು ಟೀಚರ್ ಕೂಗಿದರು. ಮೂರ್ಸಲಿ ನ್ಯಾಯಾಧೀಶನ ಗತ್ತಿನಲ್ಲಿ, ಪ್ರತಿಯೊಬ್ಬರೂ ಪ್ರತಿ ಮೂಲೆಯಲ್ಲೂ ಮೂರು ಸಲ ಎಂದು ತೀರ್ಪು ಕೊಟ್ಟ. ಬಿಸಿಲು ಇಳಿಯುವ ಹೊತ್ತಿಗೆ ಫಲಿತಾಂಶ ಬಂತು. ನೀಲಿ ಫೋನು ಬ್ಯಾಟರಿಯಲ್ಲಿ ಎರಡನೆಯದು, ವೇಗದಲ್ಲಿ ಎರಡನೆಯದು, ಜಾಗದಲ್ಲಿ ಮೊದಲನೆಯದು. ಅವನು ಅದನ್ನು ಕೊಂಡು ಸಿಮ್ ಹಾಕಿ, ಬ್ಯಾಟರಿ ತುಂಬಿಸಲಿಟ್ಟು, ತಲೆ ಬಾಚಿ ಮೇಜಿನ ಮುಂದೆ ಕೂತ. ಆರಕ್ಕೆ ಇನ್ನು ಕಾಲು ಗಂಟೆಯಿತ್ತು.

ಸಂದರ್ಶನದ ಕೊಂಡಿ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗಿತು. ತಿರುಗುತ್ತಲೇ ಇತ್ತು.

ಬಾಯಿ ಮುಚ್ಚಿಸಿದ್ದ ಸೂಚನೆಗಳನ್ನು ತೆರೆದು ನೋಡಿದ. ಇಂದಿನ ಪಾಲಿನ ಡೇಟಾ ಪೂರ್ತಿ ಮುಗಿದಿದೆ, ಮಧ್ಯರಾತ್ರಿಯವರೆಗೆ ನಿಧಾನ ವೇಗ. ವೇಗ ಅಳೆಯುವ ಆ್ಯಪ್ ಅಳೆಯುವುದು ಹೇಗೆ? ರಾಶಿ ಡೇಟಾ ಎಳೆದು ನೋಡಿ. ನೆಟ್‌ವರ್ಕ್ ಚುರುಕಾಗಿದ್ದಷ್ಟೂ ಒಂದೊಂದು ಅಳತೆಗೆ ಹೆಚ್ಚು ಡೇಟಾ ಖರ್ಚು. ವಿಜ್ಞಾನ ಓದಿದವನಿಗೆ ಇದು ಹೊಳೆಯಲು ಇಡೀ ದಿನ ಬೇಕಾಯಿತು.

ಅವನು ಪಕ್ಕದ ಮನೆಗೆ ಓಡಿದ. ಟೀಚರ್ ಬಿಳಿಚಿಕೊಂಡು ನಿಂತಿದ್ದರು. ಅವರ ಪಾಠದಲ್ಲೂ ಚಕ್ರ ತಿರುಗುತ್ತಿತ್ತು. ಡ್ರೈವರನ ಡೇಟಾ ಮುಗಿದಿತ್ತು, ಫೋಟೊಗ್ರಾಫರನದು ಟ್ಯಾಂಕಿನ ಮೇಲೆಯೇ ಮುಗಿದಿತ್ತು. ಅಂಗಡಿಯವನು ರೀಚಾರ್ಜ್ ಮಾಡಲು ಹೋಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ದುಡ್ಡು ಹೋಗೋದಕ್ಕೂ ನೆಟ್ ಬೇಕಲ್ಲ ಸಾರ್.”

“ನಿನ್ ಫೋನು?” ಎಂದು ಅವನು ಕೊನೆಯ ಆಸೆಯಿಂದ ಹೆಂಡತಿಯತ್ತ ತಿರುಗಿದ.

“ಬೆಳಿಗ್ಗೆ ಕೊಡ್ತೀನಿ ಅಂದಾಗ ಡೇಟಾ ತುಂಬಿತ್ತು,” ಎಂದಳು ಅವಳು.

ಆರು ಗಂಟೆಗೆ, ಯಾವ ಪುಣ್ಯವೋ, ಕೊಂಡಿ ತೆರೆಯಿತು. ಮೂವರು ಅಧಿಕಾರಿಗಳು ನೆಲದ ಹೆಂಚುಗಳಂತೆ ಚೌಕ ಚೌಕವಾಗಿ ಕಂಡು ಹಾಗೇ ಕಲ್ಲಾದರು. ಆದರೆ ಮಾತು ಬಂತು. ಹಿರಿಯ ಅಧಿಕಾರಿಯ ದನಿ ಸ್ಪಷ್ಟವಾಗಿತ್ತು.

“ನಿಮ್ಮ ಮುಖ ಬರ್ತಿಲ್ಲ, ಪರವಾಗಿಲ್ಲ. ಮಾತು ಚೆನ್ನಾಗಿ ಕೇಳಿಸ್ತಿದೆ. ನಿಮ್ಮ ವರದಿಗಳನ್ನ ನೋಡಿದೀವಿ. ನಿಜ ಹೇಳ್ಬೇಕಂದ್ರೆ ಹೆಚ್ಚು ಕೇಳೋಕೇನೂ ಇಲ್ಲ.”

ಮೂರ್ಸಲಿಗೆ ಕಿವಿ ನಂಬಲಾಗಲಿಲ್ಲ. ಬಾಗಿಲಲ್ಲಿ ಗುಂಪುಗೂಡಿದ್ದ ವಠಾರ ಒಳಕ್ಕೆ ಕತ್ತು ಚಾಚಿತು.

“ಒಂದು ಐದು ನಿಮಿಷ ಹೀಗೇ ಮಾತಾಡಿ ಮುಗಿಸೋಣ. ನಿಮ್ಮ ಕಡೆ ಸ್ಪೀಡ್ ಅಷ್ಟಕ್ಕೆ ಸಾಕಾಗುತ್ತಾ?”

ಹೆಂಡತಿ ಜೋರಾಗಿ ತಲೆಯಾಡಿಸಿದಳು. ಟೀಚರ್ ತಲೆಯಾಡಿಸಿದರು. ಡ್ರೈವರ್ ಎರಡೂ ಕೈ ಜೋಡಿಸಿ ಬೇಡಿಕೊಂಡ. ಹೂಂ ಅಂದರೆ ಸಾಕಿತ್ತು. ಆದರೆ ಅಳೆಯದೆ ಅಂಕಿ ಹೇಳಿದ ಪಾಪ ಅವನ ಇಡೀ ವೃತ್ತಿಜೀವನದಲ್ಲಿ ಇರಲಿಲ್ಲ.

“ಒಂದ್ ನಿಮಿಷ ಸಾರ್, ನೋಡಿ ಹೇಳ್ತೀನಿ,” ಎಂದು ಅವನು ಆ್ಯಪ್ ತೆರೆದು ಗುಂಡಿ ಒತ್ತಿದ.

ಮಾತು ಹರಿದು ಬರುತ್ತಿದ್ದ ಆ ಒಂದೆಳೆ ದಾರವನ್ನು ಆ್ಯಪ್ ಪೂರ್ತಿ ತನ್ನ ಕಡೆಗೆ ಎಳೆದುಕೊಂಡಿತು. “ಹಲೋ... ಹಲೋ... ಹೋದ್ರು ಅನ್ಸುತ್ತೆ,” ಎಂಬುದು ಕೇಳಿಸಿತು. ಆಮೇಲೆ ಅದೇ ದನಿ, ತುಂಬ ದೂರದಿಂದ: “ಮುಂದಿನವರನ್ನ ಕರೀರಿ.” ಅಷ್ಟೇ. ಕೊಂಡಿ ಮತ್ತೆ ತೆರೆಯಲಿಲ್ಲ.

ಹೆಂಡತಿ ಗೋಡೆಗೆ ಒರಗಿದಳು. ಪರದೆಯ ಮೇಲೆ ವೇಗ ತೋರಿಸುವ ಮುಳ್ಳು ಒಂದಿಷ್ಟೇ ಅಲುಗಿ, ನಡುಗಿ, ನಿಂತಿತು. ಕೆಳಗೆ ಅಳತೆ ಬಂತು: ಸೆಕೆಂಡಿಗೆ ಅರವತ್ತನಾಲ್ಕು ಕಿಲೋಬಿಟ್, ಮಾತಿಗೆ ಸಾಕಾಗುವಷ್ಟು.