ಬಾತುಕೋಳಿಯ ಹೊಟ್ಟೆಯ ಬ್ಯಾಟರಿ

ಎಲ್ಲ ಶುರುವಾದದ್ದು ಒಂದು ಸ್ಕ್ರೂನಿಂದ. ಹೊಟ್ಟೆ ಒತ್ತಿದರೆ ಹಾಡುವ ಮಗಳ ಬಟ್ಟೆಬಾತುಕೋಳಿಯ ಬ್ಯಾಟರಿ ಮುಚ್ಚಳಕ್ಕಿದ್ದ ಸ್ಕ್ರೂ ಎಲ್ಲೋ ಬಿದ್ದುಹೋಗಿ, ಒಳಗಿನ ಬಟನ್ ಬ್ಯಾಟರಿ ಇಣುಕುತ್ತಿತ್ತು. ಟೈಲರಿಗೆ ಜೀವ ಬಾಯಿಗೆ ಬಂತು. ಅದನ್ನು ಮಗು ನುಂಗಿದರೆ ನೋಡನೋಡುತ್ತಲೇ ಗಂಟಲು ಸುಟ್ಟುಹೋಗುತ್ತದೆಂದು ಅವನು ಕೇಳಿದ್ದ.

ತಕ್ಷಣ ಬ್ಯಾಟರಿ ಕಿತ್ತು, ಎಡಗೈಯಲ್ಲಿ ಬಾತುಕೋಳಿಯನ್ನು ಅಮುಕಿ ಹಿಡಿದು, ಬಲಗೈಯಲ್ಲಿ ಸೂಜಿ ಹಿಡಿದು ಹೊಟ್ಟೆ ಹೊಲಿಯತೊಡಗಿದ.

"ಬ್ಯಾಟರಿ ತೆಗೆದ್ರಾ?" ಒಳಗಿನಿಂದ ಹೆಂಡತಿ ಕೂಗಿದಳು.

"ಹ್ಞೂಂ."

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬಂದು, "ಏನಯ್ಯಾ, ನನ್ನ ಪ್ಯಾಂಟು ಆಯ್ತಾ?" ಎಂದು ಬೆನ್ನಿಗೊಂದು ಬಾರಿಸಿದರು. ಅವರ ಪ್ರೀತಿಯೇ ಅಂಥದ್ದು, ಕೆಮ್ಮು ಬರಿಸುವಂಥದ್ದು. ಟೈಲರು ಕೆಮ್ಮಿ, ಸುಧಾರಿಸಿಕೊಂಡು, "ನಾಳೆ ಸಾರ್" ಎಂದ. ದಾರ ಕತ್ತರಿಸಿ ಮೇಜು ನೋಡಿದರೆ ಬ್ಯಾಟರಿ ಇಲ್ಲ!

ಮೇಜಿನ ಕೆಳಗೆ ಬಟ್ಟೆಚೂರುಗಳ ರಾಶಿಯಲ್ಲಿ ಕೂತಿದ್ದ ಮಗಳು ಏನನ್ನೋ ಜಗಿಯುತ್ತಿದ್ದಳು. ತೆಗೆದು ನೋಡಿದರೆ ಲೈನಿಂಗ್ ಚೂರು. ಅವಳು ಕಿಲಕಿಲ ನಕ್ಕು ಅಪ್ಪನ ಬಾಯಿಯತ್ತ ಬೆರಳು ತೋರಿಸಿದಳು.

"ನೋಡಯ್ಯಾ, ಬಾಯಿ ತೋರಿಸ್ತಾ ಇದೆ! ನುಂಗ್‌ಬಿಟ್ಟಿದೆ!" ಮೇಷ್ಟ್ರು ಕಿರುಚಿದರು. ಬೀದಿಯೇ ಒಳಗೆ ಬಂತು.

"ಬಾಳೆಹಣ್ಣು ತಿನ್ಸಿ, ಜಾರ್ಕೊಂಡು ಹೋಗುತ್ತೆ," ಎಂದಳು ಎದುರುಮನೆ ಅಜ್ಜಿ.

"ತಲೆಕೆಳಗೆ ಹಿಡಿದು ಕುಲುಕು!" ಎಂದರು ಮೇಷ್ಟ್ರು.

"ಯಾರೂ ಏನೂ ತಿನ್ನಿಸ್ಬೇಡಿ! ವಾಂತೀನೂ ಮಾಡಿಸ್ಬೇಡಿ!" ಗಿರಾಕಿಗಳೆದುರು ಎಂದೂ ದನಿ ಎತ್ತದ ಟೈಲರು ಗುಡುಗಿ, ಮಗಳನ್ನು ಅವಚಿಕೊಂಡು ಆಸ್ಪತ್ರೆಗೆ ಓಡಿದ. ಕಾಲಲ್ಲಿ ಒಂದು ಚಪ್ಪಲಿ ಅವನದು, ಇನ್ನೊಂದು ಮೇಷ್ಟರದು. ಹಿಂದೆ ಹೆಂಡತಿ, ಅವಳ ಹಿಂದೆ ಕುಂಟುತ್ತಾ ಮೇಷ್ಟ್ರು.

ಎಕ್ಸರೇ ನೋಡಿ ಡಾಕ್ಟರಮ್ಮ, "ಮಗು ಒಳಗೆ ಏನೂ ಇಲ್ಲ. ತಡ ಮಾಡ್ದೆ ಬಂದಿದ್ದು ಮಾತ್ರ ಒಳ್ಳೇದಾಯ್ತು," ಎಂದರು. ಟೈಲರು ಮೇಷ್ಟರ ಹೆಗಲ ಮೇಲೆ ಅತ್ತೇಬಿಟ್ಟ.

"ಹಾಗಾದ್ರೆ ಅದನ್ನ ಎಲ್ಲಿಟ್ರಿ?" ಹೆಂಡತಿ ಕೇಳಿದಳು.

"ಅದೇ ತಿಳೀತಿಲ್ಲ ಕಣೇ."

ನರ್ಸು ಸಹಿ ಹಾಕಲು ಪೆನ್ನು ಕೊಟ್ಟಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪೆನ್ನು. ದಿನವಿಡೀ ಗುಂಡುಸೂಜಿ ಕಚ್ಚಿಕೊಂಡೇ ಬಟ್ಟೆ ಹೊಲಿಯುವ ಟೈಲರು, ಪೆನ್ನಿನ ಕ್ಯಾಪನ್ನು ತುಟಿಗಳಲ್ಲಿ ಎಳೆದು ಅಲ್ಲೇ ಇಟ್ಟುಕೊಂಡ. ಮಗಳು ಚಪ್ಪಾಳೆ ತಟ್ಟಿ, ಮತ್ತೆ ಅವನ ಬಾಯಿ ತೋರಿಸಿದಳು.

ಹೆಂಡತಿ ಆ ಕ್ಯಾಪನ್ನೇ ದಿಟ್ಟಿಸಿದಳು. ಮೇಷ್ಟ್ರು ತಮ್ಮ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಡಾಕ್ಟ್ರೇ, ಇನ್ನೊಂದು ಎಕ್ಸರೇ ತೆಗೀರಿ," ಎಂದಳು ಹೆಂಡತಿ. "ಈ ದೊಡ್ಡ ಮಗೂಗೆ."

ಪುಣ್ಯಕ್ಕೆ ಬ್ಯಾಟರಿ ಗಂಟಲು ದಾಟಿ ಹೊಟ್ಟೆಗಿಳಿದಿತ್ತು. ಅದು ಹೊರಬರುವ ತನಕ ಅವನು ಆಸ್ಪತ್ರೆಯಲ್ಲೇ ಇರಬೇಕೆಂದಾಯಿತು. ಹೆಂಡತಿ ಕ್ಯಾಪು, ಗುಳಿಗೆ, ಕಳಚಿದ ಗುಂಡಿ ಎಲ್ಲವನ್ನೂ ಅವನ ಕೈಗೆಟುಕದಂತೆ ಕಪಾಟಿನ ಮೇಲಿಟ್ಟಳು.

ಮಗಳು ಮಂಚ ಹತ್ತಿ, ಅಪ್ಪನ ಹೊಟ್ಟೆಯನ್ನು ಒತ್ತಿ, ಕಿವಿಯಿಟ್ಟು ಕಾದಳು. ಹಾಡು ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದಳು.