ಗೂಳಿಯ ಹೊಳಪು

ಗಲಾಟೆಗೆಲ್ಲ ಮೂಲ, ಮಾವನವರು ಊಟದ ಹೊತ್ತಿನಲ್ಲಿ ಬೇಸರದಿಂದ ಆಡಿದ ಒಂದು ಮಾತು.

“ಗೂಳಿ ಬಾನೆಟ್ ಮೇಲೆ ನನ್ನ ಮುಖ ಮತ್ತೆ ನನಗೆ ಕಾಣೋ ಹಾಗೆ ಯಾರು ಮಾಡ್ತಾರೋ, ಅವರ ಕೈಗೆ ಕೀಲಿ ಕೊಡ್ತೀನಿ. ಓಡಿಸಲಿ.”

ಮೇಜಿನ ಆ ತುದಿಯಲ್ಲಿ ಕೂತಿದ್ದ ಅಳಿಯನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಗೂಳಿ ಎಂದರೆ ಮಾವನವರ ಹಳೆಯ ಕಾರು. ಎರಡೇ ಬಾಗಿಲು, ಮಂಚದಷ್ಟು ಉದ್ದದ ಮೂತಿ, ಅದರೊಳಗೆ ಲಾರಿಯನ್ನೂ ಎಳೆಯಬಲ್ಲ ಎಂಜಿನ್ನು. ಅಂಥದ್ದಕ್ಕೆ ಮಸಲ್ ಕಾರ್ ಎನ್ನುತ್ತಾರೆಂದು ಬೀದಿಗೆ ಗೊತ್ತಿತ್ತು. ಆದರೆ ಸ್ಟಾರ್ಟ್ ಮಾಡಿದಾಗ ಅದು ಗುಟುರು ಹಾಕುವ ಪರಿ ಕೇಳಿದವರು ಗೂಳಿ ಎಂದೇ ಕರೆದರು. ಒಂದು ಕಾಲಕ್ಕೆ ಅದು ಮಾಗಿದ ಟೊಮೆಟೊ ಹಣ್ಣಿನ ಹಾಗೆ ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಶೆಡ್ಡಿನ ತಗಡು ಗಾಳಿಗೆ ಹಾರಿಹೋದ ವರ್ಷ ಬಿಸಿಲು ಕುಡಿದೂ ಕುಡಿದೂ ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೈ ಇಟ್ಟರೆ ಅಂಗೈಗೆ ಕೆಂಪು ಪುಡಿ ಅಂಟುತ್ತಿತ್ತು.

ಮಾವನವರು ಡ್ರೈವಿಂಗ್ ಸ್ಕೂಲ್ ನಡೆಸಿದವರು. ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು ಹೇಳಿಕೊಟ್ಟವರು. ಅಳಿಯನೂ ಅವರ ಶಿಷ್ಯನೇ. ಮೊದಲ ದಿನವೇ ಪಾಠದ ಕಾರನ್ನು ಸ್ಕೂಲಿನ ಬೋರ್ಡಿಗೇ ಗುದ್ದಿಸಿದ್ದ. ಸದ್ದು ಕೇಳಿ ಆಫೀಸಿನಿಂದ ಓಡಿಬಂದ ಅವರ ಮಗಳು ಬಿದ್ದುಬಿದ್ದು ನಕ್ಕಳು. ಆ ನಗು ಮದುವೆಯವರೆಗೆ ಹೋಯಿತು. ಮಾವನವರು ಮಗಳನ್ನು ಕೊಟ್ಟರು, ಸ್ಟಿಯರಿಂಗ್ ಕೊಡಲಿಲ್ಲ. ಅಳಿಯ ಬೇರೆ ಕಡೆ ಕಲಿತು ಲೈಸೆನ್ಸ್ ಮಾಡಿಸಿಕೊಂಡು ಬಂದು ತೋರಿಸಿದಾಗಲೂ, ಕಾಗದ ಗಾಡಿ ಓಡಿಸುವುದಿಲ್ಲ ಎಂದು ಹೇಳಿ ಅದನ್ನು ಹಿಂದಕ್ಕೆ ಕೊಟ್ಟಿದ್ದರು.

ಅಳಿಯನ ಕೆಲಸ ರೈಲ್ವೆ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ. ಯಾರು ಯಾವ ಊರಿಗೆ ಹೇಗೆ ಹೋಗಬೇಕೆಂದು ದಿನವಿಡೀ ಹೇಳುವ ಈ ಮನುಷ್ಯ ತನ್ನ ಹೆಂಡತಿಯನ್ನು ತಾನಾಗಿ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿಗೆ ಮೊಣಕೈ ಊರಿ, ಊರಾಚೆಯ ಕೆರೆಯವರೆಗೆ ಗೂಳಿಯನ್ನು ಒಮ್ಮೆ ಓಡಿಸಬೇಕು ಎಂಬುದಷ್ಟೇ ಅವನ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ಅದರ ಕೀಲಿ ಮಾವನವರ ಜೇಬಿನಲ್ಲಿತ್ತು.

ಮಾವನವರು ಒಂದು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿದರು. ಮರುದಿನ, ಸಂಜೆಗೆ ಅವರನ್ನು ಕರೆದುಕೊಂಡು ಬರುವುದಾಗಿ ಹೇಳಿ ಅಳಿಯನ ಹೆಂಡತಿ ಬೆಳಿಗ್ಗೆಯೇ ಅಲ್ಲಿಗೆ ಹೊರಟಳು. ಅವಳು ಬೀದಿಯ ತಿರುವು ದಾಟಿದ್ದೇ ತಡ, ಅಳಿಯ ಹೊಟ್ಟೆನೋವೆಂದು ರಜೆ ಹೇಳಿ, ಮಂಚದ ಕೆಳಗೆ ಬಚ್ಚಿಟ್ಟಿದ್ದ ಪಾಲಿಶ್ ಡಬ್ಬಿ, ಮೇಣದ ಡಬ್ಬಿ, ಮೆತ್ತನೆಯ ಬಟ್ಟೆಗಳನ್ನು ಹೊರಗೆ ತಂದು ಗೂಳಿಯ ಮುಸುಕು ಎಳೆದ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಸಂಜೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಬೇಕು ಎನ್ನುವುದು ಅವನ ಲೆಕ್ಕಾಚಾರ.

ಆದರೆ ಆ ಬೀದಿಯಲ್ಲಿ ಗುಟ್ಟಾಗಿ ಒಂದು ಸೀನು ಸೀನುವುದೂ ಕಷ್ಟ. ಎಲ್ಲರೂ ಅವನನ್ನು ಅಳಿಯಂದ್ರೇ ಎಂದೇ ಕರೆಯುತ್ತಿದ್ದರು. ಇಡೀ ಬೀದಿಗೆ ಅಳಿಯ ಎಂದಮೇಲೆ ಅವನನ್ನು ತಿದ್ದುವ ಹಕ್ಕೂ ಇಡೀ ಬೀದಿಗೆ ಇತ್ತು.

ಮೊದಲು ಬಂದವನು ಎದುರುಮನೆಯ ದರ್ಜಿ. ಅಳಿಯ ಡಿಕ್ಕಿಯ ಮೇಲೆ ಪಾಲಿಶ್ ಹಚ್ಚಿ ತಿಕ್ಕುತ್ತಿದ್ದಂತೆ ಬಿಳಿ ಬಟ್ಟೆ ಕೆಂಪಾಗುವುದನ್ನು ನೋಡಿ ದರ್ಜಿ ನಾಲಿಗೆ ಕಚ್ಚಿಕೊಂಡ.

“ಬಣ್ಣ ಬಿಡ್ತಾ ಇದೆ ಅಳಿಯಂದ್ರೇ. ಬಣ್ಣ ಬಿಡೋ ಮಾಲನ್ನ ಒಗೀಬಾರದು. ಇನ್ನೆರಡು ಸಲ ತಿಕ್ಕಿದ್ರೆ ಬಿಳಿ ಕಾರಾಗತ್ತೆ.”

ಹೋಗುತ್ತಿರುವುದು ಬಿಸಿಲಿಗೆ ಸತ್ತ ಮೇಲ್ಪದರ, ಅದರ ಕೆಳಗೆ ಜೀವ ಇರುವ ಬಣ್ಣ ಇನ್ನೂ ಇದೆ ಎಂದು ಅಳಿಯ ಪಾಲಿಶ್ ಅಂಗಡಿಯವನು ಹೇಳಿದ್ದನ್ನು ಒಪ್ಪಿಸಿದ. ದರ್ಜಿ ನಂಬಲಿಲ್ಲ. ನಂಬದವನು ಹೊರಟಾದರೂ ಹೋಗಬೇಕಲ್ಲ, ಅದೂ ಇಲ್ಲ. ಸ್ಟೂಲು ತಂದು ಹಾಕಿಕೊಂಡು ಕೂತ.

ಮಾತು ಕೇಳಿ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬಂದರು. ಅವರ ಹಿಂದೆಯೇ ಮೂಲೆಯ ಪಾತ್ರೆ ಅಂಗಡಿಯ ಅಕ್ಕ ಬಂದಳು. ಉಜ್ಜುವ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬುದು ಅಕ್ಕನ ನಂಬಿಕೆ. ಅಳಿಯ ಬಟ್ಟೆಯನ್ನು ಸಣ್ಣ ಸಣ್ಣ ಸುತ್ತಿನಲ್ಲಿ ಮೆಲ್ಲಗೆ ಆಡಿಸುವುದನ್ನು ಸ್ವಲ್ಪ ಹೊತ್ತು ನೋಡಿದಳು.

“ಹಿಂಗೆ ಮಗು ಬೆನ್ನು ಸವರಿದ ಹಾಗೆ ಸವರಿದ್ರೆ ಹೊಳಪು ಬರಲ್ಲ ಅಳಿಯಂದ್ರೇ. ಉಜ್ಜಬೇಕು,” ಎಂದಳು.

ವಿಚಾರಣೆ ಕಿಟಕಿಯಲ್ಲಿ ಕೂತು ಕೂತು ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸದ ರೂಢಿ ಅವನದು. ಆಯಿತಕ್ಕ, ನೋಡೋಣ ಎಂದು ಹೇಳಿ ಬಕೆಟ್ಟಿಗೆ ನೀರು ತರಲು ಒಳಗೆ ಹೋದ. ಅಕ್ಕನ ಕಿವಿಗೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ಅವನು ನೀರು ಹಿಡಿದು ವಾಪಸು ಬರುವಷ್ಟರಲ್ಲಿ ಅವಳು ಅಂಗಡಿಯಿಂದ ಪಾತ್ರೆ ಪುಡಿ, ತಂತಿಯ ನಾರು ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನ ನಡುವಿನ ಉಬ್ಬುಗೆರೆಯನ್ನು ತಳ ಹಿಡಿದ ಹಂಡೆಯಂತೆ ಉಜ್ಜಿಯಾಗಿತ್ತು. ಉಬ್ಬಿನ ಮೇಲೆ ಬಣ್ಣ ತೆಳ್ಳಗಿರುತ್ತದೆ. ಕೆಂಪಿನ ನಟ್ಟನಡುವೆ ಅಂಗೈ ಅಗಲ, ಬಣ್ಣದ ಕೆಳಗಿನ ಬೂದು ಅಸ್ತರ ಬೋಳುತಲೆಯ ಹಾಗೆ ಎದ್ದು ಕೂತಿತ್ತು.

ಅಳಿಯನ ಕೈಯಿಂದ ಬಕೆಟ್ಟು ಜಾರಿ ನೀರೆಲ್ಲ ಮೇಷ್ಟ್ರ ಚಪ್ಪಲಿಗೆ ಹೋಯಿತು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಮಾವನವರು.

“ಅಳಿಯಂದ್ರೇ, ಪಟ್ಟಿ ಬಿಚ್ಚಿದ್ರು. ಎಲ್ಲ ಚೆನ್ನಾಗಾಗಿದೆ. ಗೂಳಿ ಹೇಗಿದೆ?”

“ಇದೆ ಮಾವ.”

“ಯಾರೂ ಮುಟ್ಟಿಲ್ಲ ತಾನೇ?”

ಬೂದು ಮಚ್ಚೆ ಅವನನ್ನೇ ನೋಡುತ್ತಿತ್ತು. “ಇಲ್ಲ ಮಾವ. ಯಾರೂ ಮುಟ್ಟಿಲ್ಲ,” ಎಂದುಬಿಟ್ಟ.

ಫೋನು ಇಟ್ಟವನು ಮೂವರಿಗೂ ಕೈ ಮುಗಿದ. ಮಾವನವರು ಕೇಳಿದರೆ ಏನೇ ಆಗಲಿ, ಕಾರನ್ನು ಯಾರೂ ಮುಟ್ಟಿಲ್ಲ ಎಂದೇ ಹೇಳಬೇಕು, ಉಳಿದದ್ದನ್ನು ಬಿಸಿಲಿನ ತಲೆಗೆ ಕಟ್ಟೋಣ ಎಂದು ಬೇಡಿಕೊಂಡ. ಅಕ್ಕ ನಾರನ್ನು ಸೆರಗಿನೊಳಗೆ ಮುಚ್ಚಿಕೊಂಡು, ತಲೆ ಹೋದರೂ ಬಾಯಿ ಬಿಡುವುದಿಲ್ಲ ಎಂದು ಆಣೆ ಇಟ್ಟಳು. ದರ್ಜಿಯೂ ಇಟ್ಟ. ಮೇಷ್ಟ್ರು ಒದ್ದೆ ಚಪ್ಪಲಿ ಕೊಡವುತ್ತಲೇ ಮಾತು ಕೊಟ್ಟರು.

ಮಾತು ಕೊಟ್ಟಮೇಲೆ ಅವರ ಉತ್ಸಾಹ ಇನ್ನೂ ಹೆಚ್ಚಿತು. ಮಚ್ಚೆ ಮುಚ್ಚುವ ಹೊಣೆಯನ್ನು ಮೇಷ್ಟ್ರು ಹೊತ್ತರು. ಶೆಡ್ಡಿನ ಅಟ್ಟದಲ್ಲಿ ಹಳೆಯ ಬಣ್ಣದ ಡಬ್ಬಿಯೊಂದು ಸಿಕ್ಕಿತು, ಕಾರಿಗೆ ಹಿಂದೆ ಹೊಡೆದದ್ದೇ. ಅದನ್ನು ತೆಳ್ಳಗೆ ಮಾಡಿಕೊಂಡು, ಚಿತ್ರದ ಕುಂಚದಲ್ಲಿ ಉಸಿರು ಬಿಗಿಹಿಡಿದು ಪದರ ಪದರವಾಗಿ ಹಚ್ಚಿದರು. ನಡುನಡುವೆ ಹಿಂದಕ್ಕೆ ಸರಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ಪಕ್ಕಕ್ಕೆ ಸ್ವಲ್ಪ ನೆರಳು ಕೊಟ್ಟರೆ ಉಬ್ಬು ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ ಎಂದಾಗ ಅಳಿಯ ಅವರ ಕೈಯನ್ನೇ ಹಿಡಿದುಕೊಂಡ. ಬೇಗ ಒಣಗಲೆಂದು ದರ್ಜಿ ಕಾದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಬಂದ. ಅದನ್ನು ಬಾನೆಟ್ ಮೇಲೆ ಇಡುವ ಮೊದಲು ತಪ್ಪಿಸಿ, ಅಕ್ಕನ ಮಗಳ ಕೂದಲು ಒಣಗಿಸುವ ಯಂತ್ರ ತರಿಸಲಾಯಿತು.

ಬಣ್ಣ ಒಣಗಿತು. ಅಳಿಯ ಈ ಸಲ ಯಾರ ಮಾತೂ ಕೇಳಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ನಯವಾದ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ತೇಪೆಯ ಅಂಚು ಸಮ ಮಾಡಿದ. ಪಾಲಿಶ್ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಬಾಗಿಲು, ಮಾಡು, ಮೂತಿ ಎಂದು ಒಂದೊಂದಾಗಿ ಮುಗಿಸುತ್ತ ಹೋದ. ಊಟ ಮರೆತುಹೋಯಿತು. ಬೆನ್ನು ಮುರಿದು ಬಂತು. ಬಿಳಿ ಬಟ್ಟೆಗಳೆಲ್ಲ ಕೆಂಪಾದವು, ಅಂಗಿ ಕೆಂಪಾಯಿತು, ಮುಖವೂ ಕೆಂಪಾಯಿತು. ಕೊನೆಗೆ ಮೇಣ ಸವರಿ, ಹೊಸ ಬಟ್ಟೆಯಿಂದ ಬಾನೆಟ್ಟನ್ನು ಒಂದು ಸಲ ಒರೆಸಿದ.

ಅಲ್ಲಿ ಒಬ್ಬ ಮನುಷ್ಯ ಅವನನ್ನು ನೋಡುತ್ತಿದ್ದ. ಕೆದರಿದ ಕೂದಲು, ಕೆಂಪು ಮೂಗು, ಹಿಂದೆ ಮೂರು ತಲೆಗಳು, ಅವುಗಳ ಮೇಲೆ ಒಂದು ಬಿಳಿ ಮೋಡ. ತೇಪೆ ಎಲ್ಲಿತ್ತೆಂದು ಗೊತ್ತಿದ್ದವರೂ ಹುಡುಕಬೇಕು, ಹಾಗಿತ್ತು. ಅಳಿಯನಿಗೆ ಅಳು ಬಂದಂತಾಯಿತು, ಅಷ್ಟು ಸಂತೋಷ. ಕೆರೆಯ ದಾರಿಯ ಗಾಳಿ ಆಗಲೇ ಕಿವಿಗೆ ಬೀಸಿತು.

ಇನ್ನು ಮುಚ್ಚಿಡುವುದೇನು? ಹೇಳುವುದೇ ಒಳ್ಳೆಯದು. ಆಣೆ ಹಿಂದಕ್ಕೆ ತೆಗೆದುಕೊಳ್ಳಿ ಎನ್ನಲು ಅವನು ಮೂವರ ಕಡೆಗೆ ತಿರುಗಿದ. ಅಷ್ಟರಲ್ಲೇ ಗೇಟಿನಲ್ಲಿ ಟ್ಯಾಕ್ಸಿ ಹಾರ್ನ್ ಮಾಡಿತು.

ಮಗಳ ತೋಳು ಹಿಡಿದು, ಕಪ್ಪು ಕನ್ನಡಕದಲ್ಲಿ ಮಾವನವರು ಇಳಿದರು. ನಾಲ್ಕು ಹೆಜ್ಜೆ ಬಂದವರು ಕಾರಿನ ಎದುರು ನಿಂತುಬಿಟ್ಟರು. ಮೆಲ್ಲಗೆ ಕನ್ನಡಕ ತೆಗೆದು ಬಾನೆಟ್ ಮೇಲೆ ಬಾಗಿದರು.

ಮಾವನವರು ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ.

“ಆಪರೇಷನ್ ಆದ ಕಣ್ಣಲ್ಲಿ ನೋಡಿದ್ರೆ ನನ್ನ ಮುಖ ಹೊಳೀತಿದೆ,” ಎಂದರು. “ಆಗದೇ ಇರೋ ಕಣ್ಣಲ್ಲಿ ನೋಡಿದ್ರೆ ಅದೇ ಹಳೇ ಮಂಕು. ಬಣ್ಣ ಕೆಟ್ಟೇ ಇರ್ಲಿಲ್ಲ ಮಗಳೇ. ಕೆಟ್ಟಿದ್ದು ನನ್ನ ಕಣ್ಣು. ಸುಮ್ನೆ ಆ ಬಿಸಿಲನ್ನ ಬೈದೆ.”

ಅಳಿಯ ಮುಂದಕ್ಕೆ ಬಂದ. “ಹಾಗಲ್ಲ ಮಾವ. ನಾನೇ ಬೆಳಿಗ್ಗೆಯಿಂದ ಉಜ್ಜಿ ಉಜ್ಜಿ…”

“ಯಾರೂ ಮುಟ್ಟಿಲ್ಲ ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ.”

“ಅದು ಆಗ ಹೇಳಿದ್ದು ಮಾವ. ಬೇಕಾದ್ರೆ ಇವರನ್ನೇ ಕೇಳಿ.”

ಮಾವನವರು ಮೂವರ ಕಡೆ ತಿರುಗಿದರು. ಅವರ ಬೆನ್ನ ಹಿಂದೆ ನಿಂತು ಅಳಿಯ, ಹೇಳಿ ಹೇಳಿ ಎಂದು ಕಣ್ಣು ಮಿಟುಕಿಸಿದ, ತಲೆ ಆಡಿಸಿದ. ಕೊಟ್ಟ ಮಾತು ನೆನಪಿದೆಯೇ ಎಂದು ಕೇಳುತ್ತಿದ್ದಾನೆ ಪಾಪ ಎಂದುಕೊಂಡರು ಮೂವರೂ.

“ಯಾರೂ ಮುಟ್ಟಿಲ್ಲ,” ಎಂದಳು ಅಕ್ಕ. ದರ್ಜಿ, ತಾನು ಬೆಳಿಗ್ಗೆಯಿಂದ ಇಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದೆ, ಒಂದು ನೊಣವೂ ಕೂರಲಿಲ್ಲ ಎಂದ. ಮೇಷ್ಟ್ರು ಆಣೆಯನ್ನೇ ಇಟ್ಟರು. ಮಾವನವರು ಮತ್ತೆ ಬಾಗಿ ಉಬ್ಬುಗೆರೆಯ ಮೇಲೆ ಬೆರಳಾಡಿಸಿ, ಇಲ್ಲೊಂದು ಕಡೆ ಕೆಂಪು ಎಷ್ಟು ಚೆಂದ ಬಂದಿದೆ, ಇಷ್ಟು ವರ್ಷ ಕಂಡೇ ಇರಲಿಲ್ಲ ಎಂದಾಗ ಮಾತ್ರ ಮೇಷ್ಟ್ರ ಎದೆ ಸ್ವಲ್ಪ ಉಬ್ಬಿತು. ಆದರೂ ಬಾಯಿ ಬಿಡಲಿಲ್ಲ.

ಅಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ. ಮಾವನವರಿಗೆ ಕನಿಕರ ಬಂತು. ಹತ್ತಿರ ಬಂದು ಅವನನ್ನೂ ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು.

“ನೀವು ಮಾತ್ರ ಎರಡು ಕಣ್ಣಲ್ಲೂ ಒಂದೇ ಥರ ಕಾಣ್ತೀರಲ್ಲ ಅಳಿಯಂದ್ರೇ. ಹೋಗಿ ಮುಖ ತೊಳ್ಕೊಳಿ.”

ಮಾವನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಬಾನೆಟ್ ಮೇಲೆ ತಮ್ಮ ಮುಖ ಕಾಣಿಸಿದವರಿಗೆ ಕೀಲಿ ಎಂದಿದ್ದರು. ಕಾಣಿಸಿದವರು ಕಣ್ಣಿನ ಡಾಕ್ಟರು. ನಿಂತಲ್ಲೇ ಫೋನು ಮಾಡಿ, ಭಾನುವಾರ ಬಂದು ಗೂಳಿಯನ್ನು ಓಡಿಸಿಕೊಂಡು ಹೋಗಬೇಕೆಂದು ಅವರನ್ನು ಕರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಅಳಿಯ ಒಳಗೆ ಹೋಗಿ ಬಚ್ಚಲಲ್ಲಿ ಮುಖ ತೊಳೆದ. ಟವೆಲ್ ಹಿಡಿದು ಬಂದ ಹೆಂಡತಿ ಅವನ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಉಗುರುಗಳ ಸಂದಿಯಲ್ಲೆಲ್ಲ ಗೂಳಿಯ ಕೆಂಪು. ಸ್ವಲ್ಪ ಹೊತ್ತು ನೋಡಿ, ಅವನು ಸ್ಕೂಲಿನ ಬೋರ್ಡಿಗೆ ಗುದ್ದಿದ ದಿನ ನಕ್ಕ ಹಾಗೆಯೇ ನಕ್ಕಳು.

“ನನ್ನ ಕಣ್ಣಿಗೇನೂ ಪೊರೆ ಬಂದಿಲ್ಲ ರೀ,” ಎಂದಳು.

ಅಷ್ಟು ಸಾಕಾಯಿತು ಅವನಿಗೆ. ಬೆನ್ನುನೋವು ಅರ್ಧ ಇಳಿಯಿತು. ಒಬ್ಬರಿಗೆ ಗೊತ್ತಾದರೂ ಆಯಿತಲ್ಲ, ಇವತ್ತಲ್ಲ ನಾಳೆ ಮಾವನವರಿಗೂ ಗೊತ್ತಾಗುತ್ತದೆ ಎಂದುಕೊಂಡ.

ಹೊರಗಿನಿಂದ ಮಾವನವರು ಕೂಗಿದರು. ಅವರ ದನಿಯಲ್ಲಿ ಎಷ್ಟೋ ವರ್ಷಗಳಿಂದ ಇರದಿದ್ದ ಹುರುಪಿತ್ತು. ಡಾಕ್ಟರಿಗೆ ಕಾರು ಓಡಿಸಲು ಬರುವುದೇ ಇಲ್ಲವಂತೆ.

ಅಳಿಯ ಕೈಯಲ್ಲಿ ಟವೆಲ್ ಹಿಡಿದುಕೊಂಡೇ ಜಗಲಿಗೆ ಓಡಿದ.

“ಅದಕ್ಕೇನಂತೆ, ನಾನೇ ಕಲಿಸ್ತೀನಿ ಅಂದೆ,” ಎಂದರು ಮಾವನವರು, ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ. “ಭಾನುವಾರದಿಂದ ಪಾಠ, ಗೂಳಿ ಮೇಲೇ. ಗಂಡ ಹೆಂಡತಿ ಇಬ್ಬರೂ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಕೆರೆವರೆಗೂ ಹೋಗಿ ಬರೋಣ. ನೀವೂ ಡಾಕ್ಟರನ್ನ ನೋಡಿ ಕಲೀರಿ ಅಳಿಯಂದ್ರೇ.”