ಲೇನಿಯ ಪೆನಾಂಗೂ ನನ್ನ ಮೂಗೂ

ಟಕ್, ಟಕ್, ಟಕ್. ಲಾಕ್‌ಡೌನ್ ಎಂದರೆ ಎಲ್ಲರಿಗೂ ಆಂಬ್ಯುಲೆನ್ಸಿನ ಕೂಗು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಬಾಲ್ಕನಿಯ ಕಂಬಿಗೆ ಮರದ ಸೌಟು ಬಡಿಯುವ ಈ ಸದ್ದು. ಬೇಸಿಗೆಯವರೆಗೆ ಇದ್ದು ಹೋಗೋಣವೆಂದು ರೈಸ್‌ವೈಕ್ ಎಂಬ ಡಚ್ ಊರಿನಲ್ಲಿದ್ದ ಮಗಳ ಮನೆಗೆ ಬಂದವಳು, ವಿಮಾನಗಳು ನಿಂತು ಅಲ್ಲೇ ಉಳಿದುಬಿಟ್ಟಿದ್ದೆ. ಪಕ್ಕದ ಫ್ಲ್ಯಾಟಿನ ಲೇನಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು. ಪೆನಾಂಗಿನ ಚೀನೀ ಮನೆತನದಲ್ಲಿ ಹುಟ್ಟಿ, ಡಚ್ ಹಡಗಿನ ಎಂಜಿನಿಯರನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಬಾಲ್ಯದಲ್ಲಿ ನೂಡಲ್ಸ್ ಮಾರುವವರು ಬಿದಿರಿನ ತುಂಡು ಬಡಿಯುತ್ತ ಬೀದಿಗೆ ಬರುತ್ತಿದ್ದರಂತೆ. ಅದೇ ತಾಳದಲ್ಲಿ ಸೌಟು ಬಡಿದು ನನ್ನನ್ನು ಹೊರಗೆ ಕರೆಯುತ್ತಿದ್ದಳು.

ಆ ವಸಂತದಲ್ಲಿ ಅವಳು ಊರಿಗೆ ಹೋಗಬೇಕಿತ್ತು. ಟಿಕೆಟ್ ಕ್ಯಾನ್ಸಲ್ ಆಯಿತು. ಆದ್ದರಿಂದ ನನ್ನನ್ನು ಬಾಲ್ಕನಿಯಲ್ಲಿ ನಿಲ್ಲಿಸಿಕೊಂಡು, ಬಾಯಲ್ಲೇ ಪೆನಾಂಗ್ ಸುತ್ತಿಸಿದಳು. ಬೆಳಿಗ್ಗೆ ತಮಿಳರ ಅಪ್ಪಂ ತಿನ್ನಬೇಕು. ಮಧ್ಯಾಹ್ನ ನಾಸಿ ಕಂದಾರ್, ಅಂದರೆ ಅನ್ನದ ಮೇಲೆ ನಾಲ್ಕಾರು ಬಗೆಯ ಸಾರುಗಳನ್ನು ಒಂದರ ಮೇಲೊಂದು ಸುರಿದದ್ದು. ಇವೆಲ್ಲ ಬಿಟ್ಟರೂ ಆಸಮ್ ಲಕ್ಸಾ ಬಿಡಬಾರದು. ಬಂಗುಡೆ ಮೀನು ಬೇಯಿಸಿದ ಹುಳಿ ಸಾರು, ಅದರಲ್ಲಿ ಅಕ್ಕಿಯ ನೂಡಲ್ಸ್, ಪುದೀನ, ಅನಾನಸು, ಮೇಲೊಂದು ಚಮಚ ಕಪ್ಪನೆಯ ಸಿಗಡಿ ಪೇಸ್ಟ್. ನಾನು ಹುಟ್ಟಾ ಸಸ್ಯಾಹಾರಿ. ಮಂಗಳೂರಿನ ಕಾನ್ವೆಂಟಿಗೆ ಹೋಗುವಾಗ ಬಸ್ಸು ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯ ಪಕ್ಕ ಹಾಯ್ದರೆ ಕೊಲೋನ್ ಹಾಕಿದ ಕರ್ಚೀಫಿನಲ್ಲಿ ಮೂಗು ಹುದುಗಿಸುತ್ತಿದ್ದವಳು. ಲೇಡಿಲೈಕ್ ಆಗಿ ಉಸಿರು ಬಿಗಿಹಿಡಿಯುವುದನ್ನು ಸಿಸ್ಟರ್‌ಗಳು ಕಲಿಸಿರಲಿಲ್ಲ. ಅದು ನನ್ನ ಸ್ವಂತ ಪ್ರತಿಭೆ. ಹಾಗಾದರೆ ನನ್ನಂಥವಳು ಅಲ್ಲಿ ತಿನ್ನುವುದೇನು ಎಂದು ಕೇಳಿದೆ. ಲೇನಿ ಬಹಳ ಯೋಚಿಸಿ ಪುಟು ಮಾಯಮ್ ಎಂದಳು. ವರ್ಣನೆ ಕೇಳಿದರೆ ಅದು ನಮ್ಮ ಒತ್ತು ಶ್ಯಾವಿಗೆ, ತೆಂಗಿನತುರಿ, ಬೆಲ್ಲ. ಅಷ್ಟು ದೂರ ಹೋಗಿ ಶ್ಯಾವಿಗೆ ತಿನ್ನಬೇಕೇ ಎಂದದ್ದಕ್ಕೆ ಎರಡು ದಿನ ಸೌಟಿನ ಸದ್ದಿಲ್ಲ.

ಚಳಿಗಾಲದಲ್ಲಿ ಅವಳಿಗೆ ಕೋವಿಡ್ ಬಂತು. ಗುಣವಾಗಿ ಎದ್ದಳು, ಆದರೆ ವಾಸನೆಯೂ ರುಚಿಯೂ ವಾಪಸು ಬರಲಿಲ್ಲ. ಎನ್ಸ್‌ಕೆಡೆ ಊರಿನಲ್ಲಿದ್ದ ಅವಳ ಮಗಳು, ಇನ್ನು ಒಬ್ಬಳೇ ಇರುವುದು ಬೇಡ, ನಮ್ಮಲ್ಲಿಗೇ ಬಾ ಎಂದಳು. ಲೇನಿ ಒಪ್ಪಿದಳು. ಹೋಗುವುದರೊಳಗೆ ತನ್ನ ತಾಯಿಯ ಲಕ್ಸಾವನ್ನು ಒಂದು ಸಲ ಸರಿಯಾಗಿ ಮಾಡಿ, ಹೋದಮೇಲೆ ಮಗಳಿಗೆ ಕಲಿಸಿಬಿಡಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು. ತನ್ನ ಕೈಗೆ ಎಲ್ಲ ನೆನಪಿದೆ, ಆದರೆ ಸರಿಯಾಯಿತೋ ಇಲ್ಲವೋ ತನಗೇ ಗೊತ್ತಾಗುವುದಿಲ್ಲ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಮೂಗು ಸ್ವಲ್ಪ ಸಾಲ ಕೊಡು," ಎಂದಳು.

ನಾಲಿಗೆಯನ್ನು ಕೇಳಕೂಡದೆಂಬ ಕಂಡೀಷನ್ ಹಾಕಿ ಒಪ್ಪಿದೆ. ಬಟ್ಟಲನ್ನು ಕಂಬಿಯ ಬಳಿಯ ಸ್ಟೂಲಿನ ಮೇಲಿಟ್ಟು ಅವಳು ಹಿಂದೆ ಸರಿಯುವಳು. ನಾನು ಮಾಸ್ಕ್ ಇಳಿಸಿ ಮುಂದೆ ಬಗ್ಗುವೆ. ಮೊದಲ ದಿನ ನನ್ನ ರಿಪೋರ್ಟ್, ಮಂಗಳೂರಿನ ದಕ್ಕೆಯ ಹಾಗಿದೆ ಎಂದು. ಅವಳಿಗೆ ತೃಪ್ತಿಯಾಗಲಿಲ್ಲ. ದಕ್ಕೆ ಬೆಳಗಿನ ಹೊತ್ತಿನದೋ ಸಂಜೆಯದೋ ಎಂದು ಕೇಳಿದಳು. ಜೀವಮಾನವಿಡೀ ಮುಚ್ಚಿಕೊಂಡ ಮೂಗಿನಿಂದ ಇಂಥ ಪ್ರಶ್ನೆಗೆ ಉತ್ತರ ಎಲ್ಲಿಂದ ತರಲಿ? ಆದರೂ ಕಣ್ಣು ಮುಚ್ಚಿ ನಿಧಾನವಾಗಿ ಎಳೆದುಕೊಂಡೆ. ಸಂಜೆಯದೇ. ಹಾಗಾದರೆ ಮೀನು ಫ್ರೆಶ್ ಅಲ್ಲ ಎಂದು ಬಟ್ಟಲು ಒಳಗೆ ಒಯ್ದಳು. ಇನ್ನೊಂದು ಸಲ ಪುದೀನ ಟೂತ್‌ಪೇಸ್ಟಿನ ಹಾಗಿದೆ ಎಂದೆ. ಮತ್ತೊಂದು ಸಲ ಹುಣಸೆಹುಳಿಯ ವಾಸನೆ ನಮ್ಮ ಸಾರಿಗೆ ತೀರ ಹತ್ತಿರ ಬಂದು, ಬಾಯಲ್ಲಿ ನೀರೂರಿದ್ದನ್ನು ಮಾತ್ರ ಹೇಳಲಿಲ್ಲ. ಮನೆಯಿಂದ ಕೆಲಸ ಮಾಡುತ್ತಿದ್ದ ನನ್ನ ಮಗಳು ಶುಭಾ ಹೆಡ್‌ಫೋನ್ ಸರಿಸಿ, "ಎಂಥದಮ್ಮ ಈ ವಾಸನೆ? ಬಾಗಿಲು ಹಾಕು ಮಾರಾಯ್ತಿ, ನಂಗೆ ಮೀಟಿಂಗ್ ಉಂಟು," ಎಂದಳು. ಮೀಟಿಂಗಿನಲ್ಲಿರುವವರಿಗೆ ವಾಸನೆ ಹೋಗುವುದಿಲ್ಲವಲ್ಲ ಎಂದದ್ದಕ್ಕೆ ತಾನೇ ಎದ್ದು ಬಂದು ಹಾಕಿದಳು, ನನ್ನನ್ನು ಹೊರಗೇ ಬಿಟ್ಟು.

ಹೊರಡುವ ದಿನ ಲೇನಿಯ ಮಗಳು ಸೂಟ್‌ಕೇಸುಗಳನ್ನು ಡಿಕ್ಕಿಗೆ ಹಾಕುತ್ತಿದ್ದಳು. ಲೇನಿ ಆಗಲೇ ಕಾರಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಮುಚ್ಚಿದ ಪಾತ್ರೆ. ನಾನು ಬೀಳ್ಕೊಡಲು ಕೆಳಗಿಳಿದೆ. ಗಾಜು ಇಳಿಸಿ, ಬಟ್ಟಲಿಗೆ ಸ್ವಲ್ಪ ಬಡಿಸಿ, ಚಮಚದ ಸಮೇತ ನನ್ನ ಕಡೆಗೆ ಚಾಚಿದಳು.

"ಮೂಗಿನ ಕೆಲಸ ಮುಗೀತು. ಉಪ್ಪು ಹುಳಿ ಮೂಗಿಗೆ ಗೊತ್ತಾಗಲ್ಲ. ಬೇಡ ಅನ್ನಿಸಿದರೆ ಬೇಡ, ಐ ವೋಂಟ್ ಮೈಂಡ್."

ಬೇಡ ಎನ್ನಬಹುದಿತ್ತು. ಅವಳ ಕೈ ಚಾಚಿಯೇ ಇತ್ತು. ಮಾಸ್ಕ್ ಇಳಿಸಿ ಒಂದು ಚಮಚ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದೆ.

"ಸರಿ ಇದೆಯಾ?"

"ಪರ್ಫೆಕ್ಟ್," ಎಂದೆ, ನಾನೇ ಪೆನಾಂಗಿನಲ್ಲಿ ಹುಟ್ಟಿದವಳ ಹಾಗೆ.

ಲೇನಿ ಮಗಳ ಕಡೆ ತಿರುಗಿ ಡಚ್ಚಿನಲ್ಲಿ ಏನೋ ಹೇಳಿದಳು. ಮಗಳು ನನ್ನನ್ನು ಬಹಳ ಗೌರವದಿಂದ ನೋಡಿದಳು. ಕಾರು ಹೊರಟಿತು. ತಿರುವಿನವರೆಗೂ ಆ ಬಿಳಿಕೂದಲ ತಲೆ ನೆಟ್ಟಗೆ ಕಾಣುತ್ತಿತ್ತು, ಪಾತ್ರೆ ಅಲುಗದ ಹಾಗೆ ಕೂತವಳ ತಲೆ. ಅವಳನ್ನು ನಾನು ನೋಡಿದ್ದು ಅದೇ ಕೊನೆ. ಲಕ್ಸಾವನ್ನು ಅದೇ ಮೊದಲು ತಿಂದವಳು ಅಷ್ಟು ದೊಡ್ಡ ಸರ್ಟಿಫಿಕೇಟ್ ಕೊಟ್ಟದ್ದು ಸರಿಯೇ ಎಂದು ಪರೀಕ್ಷಿಸಲು, ಅಲ್ಲೇ ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ನಿಂತು ಬಟ್ಟಲಲ್ಲಿ ಉಳಿದದ್ದನ್ನೂ ಮುಗಿಸಿದೆ.